ಬಾಯಿಬಿಟ್ಟು ಒಪ್ಪಿಸಿದ ಮುಡಿಪು

ತೊಂಬತ್ತೆಂಟನೇ ಇಸವಿಯ ದೀಪಾವಳಿ. ಎಣ್ಣೆಸ್ನಾನಕ್ಕೆ ಕೂತು ಮೈಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದಾಗ ನನ್ನ ಎಡ ಎದೆಯಲ್ಲಿ, ಕಂಕುಳಿನ ಪಕ್ಕಕ್ಕೆ, ಹುಣಸೆ ಬೀಜದಷ್ಟು ಗಟ್ಟಿಯಾಗಿ ಏನೋ ಕೈಗೆ ತಾಗಿತು. ಒತ್ತಿ ನೋಡಿದೆ, ನೋವಿಲ್ಲ. ಇನ್ನೊಂದು ಸಲ ಒತ್ತಿದೆ, ಆಗಲೂ ನೋವಿಲ್ಲ. ಹೊರಗೆ ಮಗಳು ಲತಾ ನೀರು ಆರಿಹೋಗುತ್ತೆ ಎಂದು ಕೂಗುತ್ತಿದ್ದಳು. ನಾನು ನೀರು ಸುರಿದುಕೊಂಡು, ಹೊಸ ಸೀರೆ ಉಟ್ಟು, ಹೊರಗೆ ಬಂದು ಎಲ್ಲರಿಗೂ ಕಜ್ಜಾಯ ಬಡಿಸಿದೆ. ಹಬ್ಬದ ದಿನ ಅಂಥ ಮಾತು ಯಾರು ಆಡುತ್ತಾರೆ?

ಚೌಡಮ್ಮನನ್ನು ನಂಬಿದ ಅಕ್ಕತಂಗಿಯರು, ಅಣ್ಣತಮ್ಮಂದಿರು ಇದನ್ನು ಓದುತ್ತೀರಿ ಎಂಬ ಧೈರ್ಯದಿಂದ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ. ನನ್ನ ಹೆಸರು ಗಿರಿಜಾ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಯಜಮಾನರು ರಂಗಪ್ಪನವರು ಕುಲುಮೆ ಹತ್ತಿರ ಪಾಳಿಯ ಮೇಲೆ ದುಡಿಯುತ್ತಿದ್ದರು. ಆಗ ನನಗೆ ನಲವತ್ನಾಲ್ಕು ವರ್ಷ. ಓಣಿಯಲ್ಲಿ ಯಾರ ಮನೆಯಲ್ಲಿ ಏನಾದರೂ ಮೊದಲು ಬಾಯಿ ಹಾಕುವವಳು ನಾನೇ ಎಂದು ಹೆಸರು ಪಡೆದಿದ್ದೆ. ಅಂಥ ಬಾಯಿಗೆ ಈ ಒಂದು ವಿಷಯದಲ್ಲಿ ಬೀಗ ಬಿತ್ತು.

ಹೆದರಿಕೆಗೆ ಕಾರಣವಿತ್ತು. ಆಲ್ಕೊಳ ನನ್ನ ತವರು. ನಾನು ಲಂಗ ಹಾಕಿಕೊಳ್ಳುವ ವಯಸ್ಸಿನಲ್ಲಿ ನನ್ನ ಸೋದರತ್ತೆಗೆ ಎದೆಯಲ್ಲಿ ಹುಣ್ಣಾಗಿತ್ತು. ಹಿತ್ತಲ ಕೋಣೆಯಲ್ಲಿ ಅವಳಿಗೆ ಬೇರೆ ಚಾಪೆ, ಬೇರೆ ತಟ್ಟೆ. ಏನಾಗಿದೆ ಎಂದು ಕೇಳಿದರೆ ಅಮ್ಮ ತುಟಿಯ ಮೇಲೆ ಬೆರಳಿಡುತ್ತಿದ್ದಳು. ಒಂದು ದಿನ ಅತ್ತೆ ಸತ್ತಳು. ಆ ಕಾಯಿಲೆಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲೇ ಇಲ್ಲ.

ಹಾಗಾಗಿ ನಾನು ಹೋಗಿದ್ದು ಡಾಕ್ಟರ ಹತ್ತಿರ ಅಲ್ಲ, ದೇವರ ಗೂಡಿನ ಹತ್ತಿರ. ತವರಿನ ಚೌಡಮ್ಮನನ್ನು ನೆನೆದು, ಅರಿಶಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಒಂದು ನಾಣ್ಯ, ಒಂದು ಅಡಿಕೆ, ಒಂದು ಹಿಡಿ ಅಕ್ಕಿ ಇಟ್ಟು ಮುಡಿಪು ಕಟ್ಟಿದೆ. ಯಾರಿಗೂ ತಿಳಿಯದ ಹಾಗೆ ಇದನ್ನು ಕರಗಿಸಿಬಿಡು ತಾಯಿ, ಸಂಕ್ರಾಂತಿ ಕಳೆದ ಮೇಲೆ ಬರಿಗಾಲಲ್ಲಿ ನಡೆದು ಬಂದು ಒಪ್ಪಿಸುತ್ತೇನೆ ಎಂದು ಹರಕೆ ಹೊತ್ತೆ. ಹರಕೆಯ ಎರಡು ಕಟ್ಟುಪಾಡುಗಳನ್ನು ಹೆತ್ತಮ್ಮ ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು. ಯಾತಕ್ಕೆ ಹೊತ್ತಿದ್ದು ಎಂದು ಯಾರಿಗೂ ಹೇಳಬಾರದು, ಹೇಳಿದರೆ ಫಲವಿಲ್ಲ. ನಡೆಯಲು ಹೊರಟ ಮೇಲೆ ಗುಡಿ ಮುಟ್ಟುವ ತನಕ ಹೆಜ್ಜೆ ಹಿಂದಕ್ಕೆ ತಿರುಗಬಾರದು. ಇಷ್ಟು ನನಗೆ ಬಾಯಿಪಾಠವಾಗಿತ್ತು.

ಸಂಕ್ರಾಂತಿ ಬಂತು. ಹುಣಸೆ ಬೀಜ ಅಡಿಕೆಯ ಗಾತ್ರಕ್ಕೆ ಬೆಳೆದಿತ್ತು. ಎಳ್ಳು ಬೀರುತ್ತಾ ಓಣಿಯೆಲ್ಲ ಸುತ್ತಿದೆ, ನಗುನಗುತ್ತಾ ಮಾತಾಡಿದೆ, ಮನೆಗೆ ಬಂದು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಚೌಡಮ್ಮನಿಗೆ ನನ್ನ ಮೇಲೆ ಮುನಿಸು, ಕೊಡುವುದು ಕೊಟ್ಟ ಮೇಲೇ ಅವಳು ಕರಗಿಸುತ್ತಾಳೆ ಎಂದು ನನ್ನಷ್ಟಕ್ಕೆ ನಾನೇ ಲೆಕ್ಕ ಹಾಕಿದೆ. ಮೊಂಡುತನಕ್ಕೆ ಭಕ್ತಿ ಎಂದು ಹೆಸರಿಟ್ಟುಕೊಂಡಿದ್ದೆ ಎಂದು ಈಗ ಅನ್ನಿಸುತ್ತದೆ.

ಮಾಘ ಮಾಸದ ಒಂದು ಭಾನುವಾರ ಹೊರಟೆ. ಯಜಮಾನರಿಗೆ ಅಂದು ಸಾಲಾಗಿ ಎರಡು ಪಾಳಿ, ಬೆಳಿಗ್ಗೆಯೇ ಹೋಗಿದ್ದರು. ತವರಿಗೆ ಹೋಗಿ ಸಂಜೆ ಬರುತ್ತೇನೆ ಎಂದು ಲತಾಗೆ ಹೇಳಿ, ಬಸ್ ಸ್ಟ್ಯಾಂಡಿನ ಕಡೆ ಹೋದಂತೆ ಮಾಡಿ, ಚಪ್ಪಲಿ ಕಳಚಿ ಚೀಲಕ್ಕೆ ಹಾಕಿಕೊಂಡು ಶಿವಮೊಗ್ಗದ ರಸ್ತೆ ಹಿಡಿದೆ. ಹೊಟ್ಟೆಗೆ ಏನೂ ಇಲ್ಲ. ಮುಡಿಪು ಮಡಿಲಲ್ಲಿ. ಕಡದಕಟ್ಟೆ ದಾಟುವಾಗ ಚಳಿ, ಮಾಚೇನಹಳ್ಳಿ ದಾಟುವಾಗ ಬಿಸಿಲು. ಲಾರಿಗಳು ಪಕ್ಕದಲ್ಲೇ ನುಗ್ಗಿ ಹೋಗುತ್ತಿದ್ದವು. ಜಲ್ಲಿಕಲ್ಲು ಕಾಲಿಗೆ ಚುಚ್ಚಿದಾಗೆಲ್ಲ, ಇದೂ ನಿನಗೇ ಸೇರಲಿ ತಾಯಿ ಎನ್ನುತ್ತಾ ನಡೆದೆ.

ನಿದಿಗೆಯ ಹತ್ತಿರ ಎದುರಿನಿಂದ ದೊಡ್ಡ ಗುಂಪೊಂದು ಬರುವುದು ಕಾಣಿಸಿತು. ಮುಂದೆ ಮೈಕು ಕಟ್ಟಿದ ಆಟೋ, ಅದಕ್ಕೆ ಚೆಂಡು ಹೂವಿನ ಹಾರ. ಹಿಂದೆ ಹೆಂಗಸರು ಗಂಡಸರು, ತಲೆಗೆಲ್ಲ ಬಿಳಿ ಟೋಪಿ. ಯಾವುದೋ ಊರಿನ ಪಾದಯಾತ್ರೆ, ಆಟೋದಲ್ಲಿ ದೇವರ ಪಟ ಇಟ್ಟಿರಬೇಕು ಎಂದುಕೊಂಡೆ. ರಸ್ತೆ ಬದಿಗೆ ಸರಿದು, ಸೆರಗು ಹೊದ್ದು, ಎರಡೂ ಕೈ ಮುಗಿದು ಕಣ್ಣು ಮುಚ್ಚಿದೆ. ಆಟೋ ನನ್ನ ಮುಂದೆ ಬಂದಾಗ ಮೈಕಿನಿಂದ ಒಬ್ಬ ಹೆಂಗಸಿನ ದನಿ ಸ್ತನ ಕ್ಯಾನ್ಸರ್ ಎಂದಿತು. ಗಂಟು ಕಂಡರೆ ಮುಚ್ಚಿಡಬೇಡಿ, ನೋವಿಲ್ಲ ಎಂದು ಸುಮ್ಮನಿರಬೇಡಿ, ನಾಚಿಕೊಳ್ಳಬೇಡಿ ಎಂದಿತು. ನಾನು ಕೈ ಮುಗಿದುಕೊಂಡೇ ನಿಂತಿದ್ದೆ.

ಹಾಡುಹಗಲಲ್ಲಿ, ಲಾರಿ ಡ್ರೈವರುಗಳ ಮುಂದೆ ಆ ಮಾತು! ಅಲ್ಲೇ ಒಂದು ಮರದ ಕೆಳಗೆ ನಡೆದು ಬಂದವರಿಗೆ ಮಜ್ಜಿಗೆ ಕೊಡುತ್ತಿದ್ದರು. ನಾನೂ ಅವರಲ್ಲಿ ಒಬ್ಬಳು ಎಂದುಕೊಂಡು ಯಾರೋ ನನ್ನ ಕೈಗೆ ಒಂದು ಲೋಟ ಮಜ್ಜಿಗೆ, ಒಂದು ಹಳದಿ ಚೀಟಿ ಕೊಟ್ಟರು. ಬೇರಿನ ಮೇಲೆ ಕೂತು ಓದಿದೆ. ಆಯನೂರಿನಿಂದ ಭದ್ರಾವತಿಗೆ ಎರಡು ದಿನದ ನಡಿಗೆ, ಊರೂರಿನ ಹೆಂಗಸರಿಗೆ ಪುಕ್ಕಟೆ ತಪಾಸಣೆ ಮಾಡಿಸಲು ಹಣ ಕೂಡಿಸುವುದಕ್ಕಾಗಿ ಎಂದಿತ್ತು. ಕೆಳಗೆ ಚಿತ್ರ, ಚಿತ್ರದ ಕೆಳಗೆ ಲಕ್ಷಣಗಳು. ನಾಲ್ಕು ತಿಂಗಳಿಂದ ನಾನು ಮತ್ತು ಚೌಡಮ್ಮ ಇಬ್ಬರೇ ಬಲ್ಲ ಸಂಗತಿಯನ್ನು ಅಚ್ಚು ಹಾಕಿಸಿ ರಸ್ತೆಯಲ್ಲಿ ಹಂಚುತ್ತಿದ್ದರು. ನಾನಂತೂ ಬಾಯಿ ಬಿಟ್ಟಿರಲಿಲ್ಲ.

ಪಕ್ಕದಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಕ್ಯಾನ್ವಾಸ್ ಶೂ ಬಿಚ್ಚಿಟ್ಟು ಮಂಡಿ ಉಜ್ಜಿಕೊಳ್ಳುತ್ತಾ ಕೂತಿದ್ದರು. ವಾರಿಜಾ ಎಂದು ಹೆಸರು, ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು ಎಂದು ಆಮೇಲೆ ತಿಳಿಯಿತು. ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಅವರು ನನ್ನ ಬರಿಗಾಲು ನೋಡಿದರು, ಕೈಯಲ್ಲಿ ಮುದುಡಿ ಹಿಡಿದಿದ್ದ ಚೀಟಿ ನೋಡಿದರು. ಎಲ್ಲಿಗೆ ಎಂದು ಕೇಳಿದರು. ಆಲ್ಕೊಳದ ಚೌಡಮ್ಮನಿಗೆ ಎಂದೆ. ಏನು ಹರಕೆ ಎಂದರು. ಹೇಳಬಾರದು ಎಂದೆ.

ಅವರು ಸರಿದು ಹತ್ತಿರ ಕೂತು ಸಣ್ಣ ದನಿಯಲ್ಲಿ ಹೇಳಿದರು, "ನೀವು ಏನೂ ಹೇಳ್ಬೇಡಿ. ನಾನು ಕೇಳ್ತೀನಿ, ನೀವು ಬರೀ ತಲೆ ಆಡಿಸಿ. ಎಡಗಡೆನಾ?"

ನಾನು ತಲೆಯಾಡಿಸಿದೆ.

ಎಷ್ಟು ತಿಂಗಳು ಎಂದಾಗ ನಾಲ್ಕು ಬೆರಳು ತೋರಿಸಿದೆ. ನೋವಿಲ್ಲ ಅಲ್ವಾ ಎಂದಾಗ ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಮನೆಯವರಿಗೆ ಗೊತ್ತಾ ಎಂದರು. ಅದಕ್ಕೂ ಇಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಸಲ ಒಂದು ಜೀವಕ್ಕೆ ತಿಳಿಸಿದ್ದೆ. ಕಣ್ಣೀರು ತಾನಾಗಿ ಮಜ್ಜಿಗೆ ಲೋಟಕ್ಕೆ ಬಿತ್ತು.

ಡಾಕ್ಟರು ಇದೇ ಗುಂಪಿನಲ್ಲಿ ಮುಂದೆ ಹೋಗಿದ್ದಾರೆ, ವ್ಯಾನಿದೆ, ಹತ್ತಿ, ಭದ್ರಾವತಿಯಲ್ಲೇ ಈ ಹೊತ್ತೇ ತೋರಿಸೋಣ ಎಂದರು ಸಿಸ್ಟರ್. ನಾನು ಆಗುವುದಿಲ್ಲ ಎಂದೆ. ಭದ್ರಾವತಿ ನನ್ನ ಬೆನ್ನ ಹಿಂದಿತ್ತು. ಗುಡಿ ಮುಟ್ಟದೆ ಹೆಜ್ಜೆ ಹಿಂದಕ್ಕೆ ತಿರುಗಿಸಿದರೆ ಎಲ್ಲ ಕೆಟ್ಟಿತು ಎಂದೆ. ಅವರು ಬೈದರು, ನಾನು ಅಲುಗಲಿಲ್ಲ. ಆಸ್ಪತ್ರೆಯಲ್ಲಿ ಎಂಥೆಂಥ ರೋಗಿಗಳನ್ನು ಗದರಿಸಿದ ದನಿ ಅದು. ನನ್ನ ಹಟದ ಮುಂದೆ ಅದೂ ಸೋತಿತು.

"ಎಂಥಾ ಹೆಂಗಸು ಮಾರಾಯ್ತಿ ನೀನು" ಎಂದು ಅವರು ಶೂ ಹಾಕಿಕೊಂಡು ದಾರ ಬಿಗಿದರು. ಎದ್ದು ನಿಂತು, ತಾವು ಬಂದ ಶಿವಮೊಗ್ಗದ ಕಡೆಗೇ ಮುಖ ಮಾಡಿದರು. "ನೀನು ತಿರುಗಬಾರದು. ನಾನು ತಿರುಗಬಹುದಲ್ಲ? ನಡಿ."

ಅವರು ಆ ನಡಿಗೆಗಾಗಿ ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಎದ್ದು ಅಭ್ಯಾಸ ಮಾಡಿದ್ದರಂತೆ. ಹಿಂದಿನ ದಿನ ಆಯನೂರಿನಿಂದ ಶಿವಮೊಗ್ಗದವರೆಗೆ ನಡೆದು ಮುಗಿಸಿದ್ದರು. ಇನ್ನು ಅರ್ಧ ದಿನ ನಡೆದಿದ್ದರೆ ಎಲ್ಲರ ಜೊತೆ ಭದ್ರಾವತಿ ತಲುಪಿ ಹಾರ ಹಾಕಿಸಿಕೊಳ್ಳಬಹುದಿತ್ತು. ಗುಂಪಿನವರು ಕರೆದರು, ಅವರು ಕೈ ಬೀಸಿ ಕಳಿಸಿಬಿಟ್ಟರು. ನಾನು ಚೌಡಮ್ಮನನ್ನು ಎಷ್ಟೋ ಸಲ ಕನಸಿನಲ್ಲಿ ಬರಲಿ ಎಂದು ಬೇಡಿದ್ದೇನೆ. ಅಂದು ಅವಳೇ ಬಿಳಿ ಟೋಪಿ, ಕ್ಯಾನ್ವಾಸ್ ಶೂ ಹಾಕಿಕೊಂಡು ಜೊತೆಗೆ ಬಂದಿದ್ದಾಳೆ ಎಂದು ಆಗ ಹೊಳೆಯಲಿಲ್ಲ. ಈ ಮುದುಕಿ ಯಾಕೆ ಬೆನ್ನು ಹತ್ತಿದೆ ಎಂದು ಒಳಗೊಳಗೇ ಸಿಟ್ಟು ಬಂದಿತ್ತು.

ಮಲವಗೊಪ್ಪ ದಾಟುವ ಹೊತ್ತಿಗೆ ಸಿಸ್ಟರ್ ಕುಂಟತೊಡಗಿದರು. ತುಂಗೆಯ ಸೇತುವೆ ಬರುವಷ್ಟರಲ್ಲಿ ಅವರ ಮಂಡಿ ಬನ್ನಿನ ಹಾಗೆ ಊದಿತ್ತು. ಅವರ ತೋಳು ಹಿಡಿದು ನಾನೇ ನಡೆಸಬೇಕಾಯಿತು. ನೀವು ಬಸ್ಸು ಹತ್ತಿ ಎಂದು ಅಂಗಲಾಚಿದೆ. ನಿನ್ನನ್ನು ಬಿಟ್ಟರೆ ನೀನು ಮುಡಿಪು ಕೊಟ್ಟು ನೇರ ಮನೆಗೆ ಹೋಗಿ ಕೂರುತ್ತೀಯ, ನಿನ್ನಂಥವರನ್ನು ಬೇಕಾದಷ್ಟು ನೋಡಿದ್ದೇನೆ ಎಂದರು. ಅದು ನಿಜವೇ ಆಗಿತ್ತು. ನನ್ನ ಯೋಚನೆ ಅದೇ ಇತ್ತು.

ಆಲ್ಕೊಳದ ಗುಡಿ ತಲುಪುವಾಗ ಒಂದು ಗಂಟೆ ದಾಟಿತ್ತು. ಬಾಗಿಲು ಹಾಕಿತ್ತು. ಪೂಜೆ ಮಾಡುವ ಗೌರಜ್ಜಿ ಊಟಕ್ಕೆ ಹೋಗಿದ್ದಳು, ನಾಲ್ಕಕ್ಕೆ ಬರುತ್ತಾಳೆ ಎಂದರು. ಕಟ್ಟೆಯ ಮೇಲೆ ಕೂತೆವು. ಸಿಸ್ಟರ್ ಹೋಗಲಿಲ್ಲ. ಕಾಲು ಚಾಚಿಕೊಂಡು, ತಮ್ಮ ಸ್ವಂತ ತಂಗಿ ಹೀಗೆಯೇ ಬಚ್ಚಿಟ್ಟದ್ದನ್ನು ಹೇಳಿದರು. ಅಕ್ಕ ನರ್ಸ್ ಆಗಿದ್ದರೂ ಅಕ್ಕನಿಗೂ ತೋರಿಸಲಿಲ್ಲವಂತೆ. ತೋರಿಸಿದಾಗ ಮಾಡಲು ಏನೂ ಉಳಿದಿರಲಿಲ್ಲವಂತೆ. ಇಷ್ಟನ್ನೂ ಅವರು ಅಳದೆ ಹೇಳಿದರು.

ಗೌರಜ್ಜಿ ಬಂದು ಬಾಗಿಲು ತೆಗೆದು ದೀಪ ಹಚ್ಚಿದಳು. ನಾನು ಮಡಿಲಿನಿಂದ ಮುಡಿಪು ತೆಗೆದು ಕೊಟ್ಟೆ. ಅವಳು ಅದನ್ನು ಅಂಗೈಯಲ್ಲಿ ಹಿಡಿದು, ಹೇಳು ಎಂದಳು. ಏನು ಹೇಳಬೇಕು ಎಂದೆ.

"ಯಾತಕ್ಕೆ ಕಟ್ಟಿದ್ದು ಅಂತ ಬಾಯಿಬಿಟ್ಟು ಹೇಳಿ ಒಪ್ಪಿಸ್ಬೇಕು ಕಣವ್ವ. ಮೂಗಿ ಹಂಗೆ ಕೊಟ್ರೆ ಅಮ್ಮ ಇಸ್ಕಳಲ್ಲ."

ಹರಕೆ ಯಾರಿಗೂ ಹೇಳಬಾರದಲ್ಲ ಎಂದೆ. ಹೊಸಿಲು ದಾಟುವವರೆಗೆ ಮಾತ್ರ ಅದು, ಒಪ್ಪಿಸುವಾಗ ಅಮ್ಮನ ಮುಂದೆ ಗಟ್ಟಿಯಾಗಿ ಹೇಳಲೇಬೇಕು, ನಿಮ್ಮಮ್ಮ ಇದನ್ನು ಹೇಳಿಕೊಡಲಿಲ್ಲವೇ ಎಂದು ಗೌರಜ್ಜಿ ಗದರಿದಳು. ಹೆತ್ತಮ್ಮ ಹೇಳಿದ್ದಳೋ, ನಾನು ಬೇಕಾದಷ್ಟನ್ನೇ ನೆನಪಿಟ್ಟುಕೊಂಡಿದ್ದೆನೋ, ತಾಯಿಗೇ ಗೊತ್ತು. ನಾನು ಬಾಯಿ ತೆರೆದೆ. ತಿರುಗಿ ಬಾಗಿಲ ಕಡೆ ನೋಡಿದೆ. ಸಿಸ್ಟರ್ ಬಾಗಿಲ ಹೊರಗೆ ನಿಂತು ಬೆನ್ನು ತಿರುಗಿಸಿದರು. ಕೊನೆಗೆ, ಅಮ್ಮಾ, ನನ್ನ ಎದೆಯಲ್ಲಿ ಗಂಟಾಗಿದೆ, ನನಗೆ ಸಾಯುವ ಹೆದರಿಕೆ, ನನಗೆ ಬದುಕಬೇಕು ಎಂದು ಕೂಗಿಬಿಟ್ಟೆ. ಹೊರಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದವರು ನಿಂತು ನೋಡಿದರಂತೆ. ಗೌರಜ್ಜಿ ಮುಡಿಪನ್ನು ಅಮ್ಮನ ಪಾದದಲ್ಲಿಟ್ಟು, ಹಣೆಗೆ ಕುಂಕುಮ ಹಚ್ಚಿ, ಇನ್ನು ಅವಳು ಇಸ್ಕಂಡಳು, ನೀನು ಹೋಗಿ ತೋರಿಸ್ಕೊ ಎಂದಳು.

ಅಲ್ಲಿಂದ ಆಟೋದಲ್ಲಿ ನೇರ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿದ್ದ, ಆ ನಡಿಗೆಯ ಡಾಕ್ಟರ ನರ್ಸಿಂಗ್ ಹೋಮಿಗೆ ಹೋದೆವು. ಡಾಕ್ಟರು ಭದ್ರಾವತಿಯಿಂದ ಆಗಷ್ಟೇ ಹಿಂತಿರುಗಿದ್ದರು, ತಲೆಯ ಮೇಲೆ ಇನ್ನೂ ಟೋಪಿ ಇತ್ತು. ಗಂಟಿಗೆ ಸೂಜಿ ಹಾಕಿ, ಒಳಗಿನದನ್ನು ಎಳೆದು ಪರೀಕ್ಷೆಗೆ ಕಳಿಸಿದರು. ಸಿಸ್ಟರ್ ಕಾರ್ಖಾನೆಗೆ ಫೋನ್ ಮಾಡಿಸಿ ನಮ್ಮ ಯಜಮಾನರನ್ನು ಕರೆಸಿದರು. ಅವರು ಕೆಲಸದ ಬಟ್ಟೆಯಲ್ಲೇ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತರು. ಸಿಸ್ಟರ್ ನಡೆದದ್ದನ್ನೆಲ್ಲ ಹೇಳಿದರು. ಯಜಮಾನರು ನನ್ನ ಕಡೆ ತಿರುಗಿ, "ಚೌಡಮ್ಮಂಗೆ ಹೇಳ್ದೆ. ನಂಗೆ ಹೇಳ್ಬೇಕು ಅನ್ನಿಸ್ಲಿಲ್ವಾ?" ಎಂದು ಕೇಳಿದರು. ನಾನು ಸೆರಗಿನ ತುದಿಯಿಂದ ಅವರ ಕೈಗೆ ಮೆತ್ತಿದ್ದ ಕುಲುಮೆಯ ಮಸಿ ಒರೆಸುತ್ತಾ ಕೂತೆ.

ಅದೇ ಕಾಯಿಲೆ ಎಂದು ವರದಿ ಬಂತು. ಎಡ ಎದೆ ತೆಗೆದರು. ಇನ್ನು ಎರಡು ಮೂರು ತಿಂಗಳು ಬಿಟ್ಟಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಆಮೇಲೆ ಮೂರು ವಾರಕ್ಕೊಂದರಂತೆ ಆರು ಸಲ ಔಷಧಿಯ ಡ್ರಿಪ್. ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆ ಪ್ಲಾಸ್ಟಿಕ್ ಚೀಲ ಮಡಿಲಲ್ಲಿಟ್ಟುಕೊಂಡು ವಾಂತಿ ತಡೆಯುತ್ತಾ ಬರುವುದು. ಲತಾ ಗಂಜಿ ಮಾಡುವುದನ್ನು ಕಲಿತಳು. ಯಜಮಾನರು ನನ್ನ ಸೀರೆ ಒಗೆಯುವುದನ್ನು ಕಲಿತರು, ಗಂಡಸರು ನೋಡುತ್ತಾರೆ ಎಂದರೂ ಕೇಳದೆ ಮುಂಬಾಗಿಲಲ್ಲೇ ಒಣಹಾಕಿದರು. ಸಿಸ್ಟರ್ ಆರೂ ಸಲ ಊದಿದ ಮಂಡಿಗೆ ಪಟ್ಟಿ ಸುತ್ತಿಕೊಂಡು ಬಂದು ಪಕ್ಕದಲ್ಲಿ ಕೂತರು.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ ಎಂದರೆ ನಗುತ್ತೀರಿ. ಓಣಿಯವರಿಗೆ ಗರ್ಭಕೋಶದ ಆಪರೇಷನ್ ಎಂದು ಹೇಳಿದೆ. ಕೂದಲು ಉದುರಿ ತಲೆ ಬೋಳಾದಾಗ ಚೌಡಮ್ಮನಿಗೆ ಮುಡಿ ಕೊಟ್ಟೆ ಎಂದೆ. ಪಕ್ಕದ ಮನೆಯ ಸೆಲ್ವಿ ತಮಿಳು ಹುಡುಗಿ, ಗಂಡ ಕಾರ್ಖಾನೆಯಲ್ಲಿ ವೆಲ್ಡರ್, ಮೂವತ್ತೈದು ವಯಸ್ಸು. ನಮ್ಮಿಬ್ಬರಿಗೂ ನೀರಿನ ನಲ್ಲಿಯ ಹತ್ತಿರ ದಿನಾ ಒಂದು ಜಗಳ ಆಗಬೇಕು. ಅವಳು ನನ್ನ ತಲೆ ನೋಡಿ ಎರಡೂ ಕೆನ್ನೆಗೆ ಬಡಿದುಕೊಂಡು, ನಮ್ಮ ಮುರುಗನ್ ಮುಡಿ ಕೊಟ್ಟರೆ ಹುಬ್ಬು ಬಿಡುತ್ತಾನೆ, ನಿಮ್ಮ ಅಮ್ಮ ಹುಬ್ಬನ್ನೂ ತೆಗೆದುಕೊಂಡಳಲ್ಲ ಎಂದಳು. ದೇವರ ಹೆಸರಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದ ಹಾಗಾಯಿತು. ಆದರೂ ನಿಜ ಹೇಳಲಿಲ್ಲ.

ಮರುವರ್ಷ ಮಾಘದಲ್ಲಿ ಮತ್ತೆ ನಡಿಗೆ ಎಂದು ಸಿಸ್ಟರ್ ಹೇಳಿ ಕಳಿಸಿದರು. ಈ ಸಲ ನಾನೂ ಬರುತ್ತೇನೆ ಎಂದೆ. ಯಜಮಾನರು ರಜೆ ಹಾಕಿ ಜೊತೆಗೆ ಬಂದರು. ಶನಿವಾರ ಬೆಳಿಗ್ಗೆ ಆಯನೂರಿನಿಂದ ಹೊರಟೆವು. ಬರಿಗಾಲಲ್ಲೇ ನಡೆಯುತ್ತೇನೆ ಎಂದರೆ ಸಿಸ್ಟರ್ ಬಿಡಬೇಕಲ್ಲ. ಅವರ ಬಲವಂತಕ್ಕೆ ಶೂ ಹಾಕಿಕೊಂಡೆ. ಬರಿಗಾಲಲ್ಲಿ ಇಪ್ಪತ್ತು ಕಿಲೋಮೀಟರ್ ನಡೆದಾಗ ಬಾರದ ಬೊಬ್ಬೆ ಆ ಶೂನಲ್ಲಿ ಹತ್ತು ಕಿಲೋಮೀಟರಿಗೇ ಬಂತು. ಆಲ್ಕೊಳದಲ್ಲಿ ಗುಂಪನ್ನು ಐದು ನಿಮಿಷ ನಿಲ್ಲಿಸಿ ಅಮ್ಮನಿಗೆ ಕೈ ಮುಗಿದು ಬಂದೆ. ಆ ದಿನ ಶಿವಮೊಗ್ಗದಲ್ಲಿ ಉಳಿದು ಭಾನುವಾರ ಭದ್ರಾವತಿಯ ಕಡೆ ಹೆಜ್ಜೆ ಹಾಕಿದೆವು. ಹಿಂದಿನ ವರ್ಷ ಅರ್ಧಕ್ಕೆ ಬಿಟ್ಟ ದಾರಿಯನ್ನು ಸಿಸ್ಟರ್ ನನ್ನ ಹೆಗಲ ಮೇಲೆ ಕೈಯಿಟ್ಟು ಪೂರ್ತಿ ನಡೆದರು. ಹಳ್ಳಿಗಳ ಹತ್ತಿರ ಹಳದಿ ಚೀಟಿ ಹಂಚುವ ಕೆಲಸ ನನ್ನದಾಗಿತ್ತು. ನಾಚಿಕೊಂಡು ತೆಗೆದುಕೊಳ್ಳದವರ ಬುಟ್ಟಿಯಲ್ಲಿ ಹಾಕಿಬಿಡುತ್ತಿದ್ದೆ.

ಭದ್ರಾವತಿಯಲ್ಲಿ ಶಾಮಿಯಾನ ಹಾಕಿದ್ದರು. ನಮ್ಮ ಓಣಿಯ ಹೆಂಗಸರೆಲ್ಲ ನೋಡಲು ಬಂದಿದ್ದರು, ಮುಂದಿನ ಸಾಲಿನಲ್ಲೇ ಸೆಲ್ವಿ. ಭಾಷಣಗಳಾದ ಮೇಲೆ, ಗುಣವಾದವರು ಯಾರಾದರೂ ಎರಡು ಮಾತಾಡಿ ಎಂದು ಡಾಕ್ಟರು ಕೇಳಿದರು. ಯಾರೂ ಏಳಲಿಲ್ಲ. ಬಲವಂತ ಆಗಬಾರದೆಂದು ಸಿಸ್ಟರ್ ನನ್ನ ಕಡೆ ನೋಡಲೂ ಇಲ್ಲ, ಅದಕ್ಕೇ ನಾನು ಎದ್ದೆ. ಗುಡಿಯಲ್ಲಿ ನಿಂತ ಹಾಗೆಯೇ ಮೈಕಿನ ಮುಂದೆ ನಿಂತೆ. ಆಮೇಲೆ ಹೇಳಿದೆ. ನನಗೆ ಆಗಿದ್ದು ಗರ್ಭಕೋಶದ ಆಪರೇಷನ್ ಅಲ್ಲ, ಎದೆಯ ಕ್ಯಾನ್ಸರ್. ಎಡ ಎದೆ ತೆಗೆದಿದ್ದಾರೆ. ಮುಡಿ ಅಮ್ಮ ಕೇಳಿರಲಿಲ್ಲ, ಔಷಧಿಗೆ ಉದುರಿತು, ನಾನು ಸುಳ್ಳು ಹೇಳಿದೆ. ಇಷ್ಟೇ ನನ್ನ ಭಾಷಣ. ಕೆಳಗಿಳಿದು ನೋಡಿದರೆ ಯಜಮಾನರು ಕಂಬ ಹಿಡಿದು ನಿಂತು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ನಾನು ಅಮ್ಮನನ್ನು ಕೇಳಿದ್ದು ಯಾರಿಗೂ ತಿಳಿಯದ ಹಾಗೆ ಕರಗಿಸು ಎಂದು. ಅವಳು ಕರಗಿಸಲಿಲ್ಲ, ಕೊಯ್ಯಿಸಿದಳು. ಊರಿಗೆಲ್ಲ ತಿಳಿಯುವ ಹಾಗೆಯೂ ಮಾಡಿದಳು. ಆದರೆ ಗುಡಿಯಲ್ಲಿ ಕೂಗಿ ಕೇಳಿದ್ದೂ ಒಂದಿತ್ತಲ್ಲ, ಬದುಕಬೇಕು ಎಂದು. ಅದನ್ನು ಪೂರ್ತಿ ಕೊಟ್ಟಳು. ಆರು ವರ್ಷವಾಯಿತು, ತಪಾಸಣೆಗೆ ಹೋದಾಗೆಲ್ಲ ಏನೂ ಇಲ್ಲ ಎನ್ನಿಸಿಕೊಂಡು ಬರುತ್ತಿದ್ದೇನೆ. ಲತಾಳ ಮದುವೆಯಲ್ಲಿ ಧಾರೆಗೆ ನಾನೇ ನಿಂತೆ. ಎಷ್ಟು ನೆನೆದರೂ ಸಾಲದು.

ಆ ದಿನ ಶಾಮಿಯಾನದಲ್ಲಿ ಜನ ಕರಗುತ್ತಿದ್ದರು. ಸೆಲ್ವಿ ನೇರ ನನ್ನ ಹತ್ತಿರ ಬಂದಳು, ಸುಳ್ಳಿಗೆ ಬಯ್ಯಲು ಬರುತ್ತಿದ್ದಾಳೆ ಎಂದುಕೊಂಡೆ. ನಲ್ಲಿಯ ಹತ್ತಿರ ಅರ್ಧ ಓಣಿಗೆ ಕೇಳುವ ಹಾಗೆ ಕೂಗುವವಳು ನನ್ನ ಕಿವಿಗೆ ಮಾತ್ರ ಕೇಳುವ ಹಾಗೆ ಹೇಳಿದಳು, "ಯಕ್ಕಾ, ನಂಗೂ ಇದೆ. ಪೊಂಗಲ್‌ಗೆ ನೋಡ್ಕೊಂಡೆ. ಮುರುಗನ್‌ಗೆ ಮುಡಿ ಕೊಡ್ತೀನಿ ಅಂದಿದೀನಿ. ಯಾರಿಗೂ ಹೇಳಿಲ್ಲ."

ನಾನು ಅವಳ ಕೈ ಹಿಡಿದು ಸಿಸ್ಟರ್ ಕೂತಿದ್ದ ಕುರ್ಚಿಯ ಹತ್ತಿರ ಕರೆದುಕೊಂಡು ಹೋದೆ. ಮಾರನೆಯ ದಿನ ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತು ಬಸ್ಸಿನಲ್ಲಿ ಸವಳಂಗ ರಸ್ತೆಗೆ ಹೋದೆವು. ಅವಳದ್ದು ತಿಂಗಳೊಳಗೆ ಸಿಕ್ಕಿದ್ದು, ಹುಣಸೆ ಬೀಜಕ್ಕಿಂತ ಚಿಕ್ಕದು. ಗಂಟು ಮಾತ್ರ ತೆಗೆದರು, ಎದೆ ಉಳಿಯಿತು. ಈಗಲೂ ನಲ್ಲಿಯ ಹತ್ತಿರ ನಮ್ಮ ಜಗಳ ನಿಂತಿಲ್ಲ.

ಇದನ್ನು ಬರೆಯಲು ಹೇಳಿದ್ದೂ ಅವಳೇ. ತಾಯೀ, ಈ ವಂದನೆಯಲ್ಲಿ ಅರ್ಧ ಸೆಲ್ವಿಯದು. ಅವಳಿಗೆ ಕನ್ನಡ ಬರೆಯಲು ಬರುವುದಿಲ್ಲ, ಅವಳ ಪಾಲಿನದನ್ನೂ ನಾನೇ ಬರೆದಿದ್ದೇನೆ, ಸೇರಿಸಿಕೊಂಡು ಒಪ್ಪಿಸಿಕೋ.